ಕ್ಲೌಡ್ ಕೊಟ್ಟ ಬಿಳಿ ಚೀಟಿ

2023ರ ಜುಲೈ. ಕೋಲಾರದಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದ ದಿನಗಳು. ರಾತ್ರಿಯೆಲ್ಲ ಟಾರ್ಚ್ ಹಿಡಿದು ತೋಟ ಕಾಯ್ದವರೇ ಬೆಳಗ್ಗೆ ಗಾಡಿಯ ಹಿಂದೆ ನಿಂತು ಮಂಡಿಗೆ ಬರುತ್ತಿದ್ದರು. ಬಾಕ್ಸಿನಿಂದ ಒಂದು ಹಣ್ಣು ಉರುಳಿದರೂ ಬಗ್ಗಿ ಹೆಕ್ಕಿಕೊಳ್ಳುತ್ತಿದ್ದರು.

ಎಪಿಎಂಸಿ ಯಾರ್ಡಿನಲ್ಲಿ ನಮ್ಮ ಸೋದರಮಾವನದು ಒಂದು ಸಣ್ಣ ಮಂಡಿ. ಆ ವಾರ ನಾನು ಬೆಂಗಳೂರಿಗೆ ಹೋಗದೆ ಊರಿಂದಲೇ ಕೆಲಸ ಮಾಡುತ್ತಿದ್ದೆ. ಬೆಳಗ್ಗೆ ಸುಮ್ನೆ ಒಂದು ಸುತ್ತು ಅಂತ ಮಂಡಿಗೆ ಹೋದರೆ, ಮಾವ ಕಂಪ್ಯೂಟರ್ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು. ಬಿಲ್ ಹಾಕುವ ಸಾಫ್ಟ್‌ವೇರ್ ತೆರೆಯುತ್ತಿಲ್ಲ. ಅದು ಕ್ಲೌಡಿನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ದೂರದ ಸರ್ವರ್‌ಗಳಲ್ಲಿ ನಡೆಯುವಂಥದ್ದು. ಪರದೆ ಮೇಲೆ ಚಕ್ರ ತಿರುಗುತ್ತಲೇ ಇದೆ. ಹರಾಜು ಮಾತ್ರ ನಿಂತಿಲ್ಲ. ಅದು ನಿಲ್ಲುವ ಹಾಗೂ ಇಲ್ಲ. ಕೂಗುವವರು ಕೂಗುತ್ತಿದ್ದಾರೆ, ಹಮಾಲಿಗಳು ಬಾಕ್ಸು ಎತ್ತುತ್ತಿದ್ದಾರೆ, ದೆಹಲಿ ಕಡೆ ಹೋಗುವ ಲಾರಿಗೆ ಲೋಡು ಆಗುತ್ತಲೇ ಇದೆ.

"ನೋಡಪ್ಪ, ಇದು ನಿನ್ನ ಕಸುಬೇ ಅಲ್ವಾ?" ಅಂದರು ಮಾವ.

ನಾನು ಫೋನಿನಲ್ಲಿ ಆ ಕಂಪನಿಯ ಸ್ಟೇಟಸ್ ಪುಟ ತೆರೆದೆ. ಯಾವ ಸೇವೆ ನಡೆಯುತ್ತಿದೆ, ಯಾವುದು ನಿಂತಿದೆ ಅಂತ ಬಣ್ಣದ ದೀಪಗಳಲ್ಲಿ ತೋರಿಸುವ ಪುಟ ಅದು. ಎಲ್ಲಾ ಹಸಿರು. ಬಿಲ್ಲಿಂಗ್ ಹಸಿರು, ಲಾಗಿನ್ ಹಸಿರು, ವರದಿಗಳು ಹಸಿರು. ಅಷ್ಟು ಹಸಿರು ಆ ಬೇಸಿಗೆ ಕಳೆದ ಕೋಲಾರದಲ್ಲಿ ಬೇರೆಲ್ಲೂ ಇರಲಿಲ್ಲ. ಗುಮಾಸ್ತರು ಒಂದು ಮಾತೂ ಆಡದೆ ಕಪಾಟಿನ ಮೇಲಿಂದ ಹಳೇ ಕಾರ್ಬನ್ ಪುಸ್ತಕ ತೆಗೆದು, ಧೂಳು ಕೊಡವಿ, ಕಿವಿಯ ಹಿಂದಿನ ಪೆನ್ನು ಕೈಗೆ ತೆಗೆದುಕೊಂಡರು.

ಮುಕ್ಕಾಲು ಗಂಟೆ ಆದ ಮೇಲೆ ಮಾವನ ಫೋನಿಗೆ ಮೆಸೇಜು ಬಂತು. "ಕೆಲವು ಬಳಕೆದಾರರು ಸೇವೆಯಲ್ಲಿ ವಿಳಂಬವನ್ನು ಅನುಭವಿಸುತ್ತಿರಬಹುದು. ನಮ್ಮ ತಂಡ ಪರಿಶೀಲಿಸುತ್ತಿದೆ."

ಮಾವ ಎರಡು ಸಲ ಓದಿದರು. "ಕೆಲವು ಅಂದ್ರೆ ಯಾರಂತೆ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಪಕ್ಕದ ಮಂಡಿಗೆ ಹೋದರು. ಅದೇ ಸಾಫ್ಟ್‌ವೇರ್ ಇಟ್ಟುಕೊಂಡಿದ್ದ ಮೂರು ಮಂಡಿ ನೋಡಿಕೊಂಡು ಬಂದರು. ಮೂರರಲ್ಲೂ ಚಕ್ರವೇ ತಿರುಗುತ್ತಿತ್ತು. "ಅನುಭವಿಸುತ್ತಿರಬಹುದು ಅಂತೆ. ನಾನು ಅನುಭವಿಸ್ತಾ ಇದೀನೋ ಇಲ್ವೋ ಅಂತ ಅವರಿಗೆ ಅನುಮಾನ!"

ಸಂಜೆ ಇನ್ನೊಂದು ಮೆಸೇಜು. ಸಮಸ್ಯೆ ಬಗೆಹರಿದಿದೆ, ಯಾವುದೇ ಡೇಟಾ ನಷ್ಟವಾಗಿಲ್ಲ, ನಿಮ್ಮ ಸಹಕಾರಕ್ಕೆ ಧನ್ಯವಾದ. ಮಾರನೇ ದಿನ ಶ್ರೀನಿವಾಸಪುರ ಕಡೆಯ ರೈತರೊಬ್ಬರು ಬಂದು ನಿಂತರು. ಅವರ 42 ಬಾಕ್ಸು ಲೆಕ್ಕದಲ್ಲೇ ಇಲ್ಲ. ಸಾಫ್ಟ್‌ವೇರ್ ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಗುಮಾಸ್ತರು ಹಾಕಿದ್ದ ಬಿಲ್ಲು ಅದು. ಕಾರ್ಬನ್ ಪುಸ್ತಕದಲ್ಲೂ ಇಲ್ಲ, ಯಾಕೆಂದರೆ ಆಗಿನ್ನೂ ಅದನ್ನು ಕೆಳಗೆ ತೆಗೆದೇ ಇರಲಿಲ್ಲ. ಪುಣ್ಯಕ್ಕೆ ಹರಾಜಿನ ಹೊತ್ತಿನಲ್ಲಿ ರೇಟು ಗೀಚಿಕೊಟ್ಟ ಒಂದು ತುಂಡು ಕಾಗದ ಅವರ ಅಂಗಿಯ ಜೇಬಿನಲ್ಲಿತ್ತು. ಬೆವರಿಗೆ ಅರ್ಧ ಅಳಿಸಿಹೋಗಿತ್ತು. ಮಾವ ಅದನ್ನು ಬೆಳಕಿಗೆ ಹಿಡಿದು ಓದಿ, ದುಡ್ಡು ಎಣಿಸಿ ಕೊಟ್ಟರು. ಆ ರೈತರು ಹೋದ ಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಅಂದರು.

"ನಿಮ್ಮೋರು ನಮಗೇ ಬಿಳಿ ಚೀಟಿ ಕೊಟ್ಟವ್ರೆ ಕಣಯ್ಯ."

ಎಪಿಎಂಸಿ ಕಡೆ ಓಡಾಡದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾಲು ಮಾರಿದ ಮೇಲೆ ರೈತರಿಗೆ ಸರಿಯಾದ ಬಿಲ್ಲು ಸಿಗಬೇಕು. ಎಷ್ಟು ಮಾಲು, ಏನು ರೇಟು, ಯಾವುದಕ್ಕೆ ಎಷ್ಟು ಮುರಿದುಕೊಂಡರು ಎಲ್ಲಾ ಅದರಲ್ಲಿರಬೇಕು. ಅದರ ಬದಲು ಒಂದು ಬರೀ ಕಾಗದದ ಮೇಲೆ ಒಟ್ಟು ಮೊತ್ತ ಗೀಚಿ ಕೊಟ್ಟರೆ ಅದು ಬಿಳಿ ಚೀಟಿ. ಅದರಲ್ಲಿ ಬರೆದಿದ್ದೆಲ್ಲ ಸುಳ್ಳು ಅಂತಲ್ಲ. ಮೊತ್ತ ನಿಜವೇ ಇರಬಹುದು. ಆದರೆ ಅದನ್ನು ಹಿಡಿದುಕೊಂಡು ಯಾರೂ ಯಾವ ಲೆಕ್ಕವನ್ನೂ ತಾಳೆ ನೋಡುವ ಹಾಗಿಲ್ಲ.

ಈ ಮಾತು ನನಗೆ ಚುಚ್ಚಿತು. ಯಾಕೆಂದರೆ ಅಂಥ ಚೀಟಿಗಳನ್ನು ನಾನೂ ಬರೆದಿದ್ದೇನೆ.

ನಾನು ಮೊದಲು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಸ್ಟೇಟಸ್ ಪುಟದ ಹಸಿರು ದೀಪವನ್ನು ಹಳದಿ ಮಾಡಬೇಕಾದರೆ ಇಬ್ಬರು ಮ್ಯಾನೇಜರ್‌ಗಳ ಒಪ್ಪಿಗೆ ಬೇಕಿತ್ತು. ಕೆಂಪಿಗೆ ಇನ್ನೂ ಮೇಲಿನವರು ಹೂಂ ಅನ್ನಬೇಕು. ರಾತ್ರಿ ಎರಡು ಗಂಟೆಗೆ ಅವರನ್ನು ಎಬ್ಬಿಸುವವರು ಯಾರು? ಅಷ್ಟರಲ್ಲಿ ಸರಿಹೋದರೆ ದೀಪ ಹಸಿರಾಗೇ ಉಳಿಯಿತು, ತಿಂಗಳ ವರದಿಯೂ ಚೆನ್ನಾಗಿ ಬಂತು. ಸರಿಹೋಗದಿದ್ದರೆ ಬರೆಯುವ ಮೆಸೇಜಿಗೆ ಅಚ್ಚು ರೆಡಿ ಇತ್ತು. ಎಲ್ಲರಿಗೂ ನಿಂತಿದ್ದರೂ "ಕೆಲವು ಗ್ರಾಹಕರು". ಪೂರ್ತಿ ನಿಂತಿದ್ದರೂ "ವಿಳಂಬ". ನಾನು ಅದನ್ನು ಬರೆಯುವಾಗ ಸುಳ್ಳು ಹೇಳುತ್ತಿದ್ದೇನೆ ಅಂತ ಒಂದು ದಿನವೂ ಅನ್ನಿಸಲಿಲ್ಲ. ಆಫೀಸಿನ ಭಾಷೆ ಅದು, ಅಷ್ಟೇ. ಕರೆಂಟು ಹೋದಾಗ "ತಾಂತ್ರಿಕ ಕಾರಣಗಳಿಂದ" ಅನ್ನುವ ಪ್ರಕಟಣೆ ಬರೆಯುವವರಿಗೂ ಅನ್ನಿಸುವುದಿಲ್ಲವೇನೋ. ಆದರೆ ಕಂಬ ಹತ್ತಿದ ಲೈನ್‌ಮನ್‌ನ ಕೇಳಿ ನೋಡಿ. "ಟಿಸಿ ಸುಟ್ಟೋಗಿದೆ ಅಣ್ಣ, ನಾಳೆ ಸಂಜೆವರೆಗೂ ಆಸೆ ಇಟ್ಕೋಬೇಡಿ" ಅನ್ನುತ್ತಾನೆ. ಅವನ ಮಾತು ಕೇಳಿ ನಾವು ಮೋಟರ್ ಬಿಟ್ಟು ಟ್ಯಾಂಕರ್‌ಗೆ ಫೋನ್ ಮಾಡುತ್ತೇವೆ.

ದೊಡ್ಡ ಕಂಪನಿಗಳು ಇನ್ನೂ ಕೆಟ್ಟವು ಅಂತ ಹೇಳೋಣ ಅಂದರೆ, ಹಾಗೂ ಇಲ್ಲ. ವಿಚಿತ್ರ ಏನೆಂದರೆ, ಲೋಕದ ಅತ್ಯಂತ ಪ್ರಾಮಾಣಿಕ ತಪ್ಪೊಪ್ಪಿಗೆಗಳಲ್ಲಿ ಕೆಲವು ಈ ಕಸುಬಿನಲ್ಲೇ ಇವೆ.

ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಅನ್ನುವ ಸೇವೆಯ ಕಥೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. 2017ರ ಜನವರಿ 31. ರಾತ್ರಿ ಹೊತ್ತು ದಣಿದಿದ್ದ ಒಬ್ಬ ಇಂಜಿನಿಯರ್ ಡೇಟಾಬೇಸ್ ಸರಿ ಮಾಡಲು ಕೂತಿದ್ದ. ಎರಡು ಸರ್ವರ್. ಒಂದರಲ್ಲಿ ಅಳಿಸಬೇಕಿತ್ತು, ಇನ್ನೊಂದರಲ್ಲಿ ಅಳಿಸಿಬಿಟ್ಟ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದ. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಬ್ಯಾಕಪ್ ತೆಗೆಯೋಣ ಅಂತ ನೋಡಿದರೆ ಇದ್ದ ಒಂದು ದಾರಿಯೂ ನೆಟ್ಟಗಿರಲಿಲ್ಲ. ದಿನಾ ಆಗಬೇಕಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಆಗುತ್ತಿಲ್ಲ ಅಂತ ತಿಳಿಸುವ ಇಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕೈಹಿಡಿದಿದ್ದು, ಬೇರೆ ಯಾವುದೋ ಕೆಲಸಕ್ಕೆ ಅಂತ ಸುಮಾರು ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ನಕಲು.

ಇದನ್ನೆಲ್ಲ ನಾನು ಹೇಗೆ ಹೇಳುತ್ತಿದ್ದೇನೆ? ಅವರೇ ಹೇಳಿದ್ದು. ಸರಿಮಾಡುವ ಕೆಲಸ ನಡೆಯುತ್ತಿದ್ದಾಗಲೇ ತಮ್ಮ ಟಿಪ್ಪಣಿಗಳನ್ನು ಎಲ್ಲರೂ ಓದುವಂತೆ ತೆರೆದಿಟ್ಟರು. ಯೂಟ್ಯೂಬ್‌ನಲ್ಲಿ ನೇರ ಪ್ರಸಾರವನ್ನೂ ಮಾಡಿದರು. ಆಮೇಲೆ ಬರೆದ ವರದಿಯಲ್ಲಿ ಸುಮಾರು 5,000 ಪ್ರಾಜೆಕ್ಟು, 5,000 ಕಾಮೆಂಟು, 700 ಹೊಸ ಖಾತೆಗಳಿಗೆ ಹೊಡೆತ ಬಿದ್ದಿರಬಹುದು ಅಂತ ಲೆಕ್ಕ ಕೊಟ್ಟರು. ಅಳಿಸಿದವನ ಹೆಸರು ಮಾತ್ರ ಹಾಕಲಿಲ್ಲ. ಅದು ಮುಚ್ಚುಮರೆ ಅಲ್ಲ. ಒಬ್ಬನನ್ನು ಕಂಬಕ್ಕೆ ಕಟ್ಟಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ ಅನ್ನುವುದು ನಮ್ಮ ಕಸುಬು ಕಷ್ಟಪಟ್ಟು ಕಲಿತ ಪಾಠ.

ಅದಾಗಿ ತಿಂಗಳೊಳಗೆ, ಬೇರೆ ಕಂಪನಿಗಳಿಗೆ ಸರ್ವರ್ ಬಾಡಿಗೆಗೆ ಕೊಡುವ ಅಮೆಜಾನ್ ಸರದಿ. ಫೆಬ್ರವರಿ 28, ನಮ್ಮ ಗಡಿಯಾರದಲ್ಲಿ ರಾತ್ರಿ 11.07. ಫೈಲುಗಳನ್ನು ಇಡುವ ಅವರ ಎಸ್‌3 ಸೇವೆಯ ಒಂದು ಭಾಗ ನಿಧಾನವಾಗಿತ್ತು. ಕೆಲವೇ ಸರ್ವರ್ ತೆಗೆಯಲು ಹೊರಟ ಉದ್ಯೋಗಿ ಕಮಾಂಡಿನಲ್ಲಿ ಒಂದು ಅಂಶ ತಪ್ಪಾಗಿ ಟೈಪು ಮಾಡಿದ. ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಸರ್ವರ್ ಹೋದವು. ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಅವರ ಮೇಲೆ ನಿಂತಿದ್ದ ಎಷ್ಟೋ ವೆಬ್‌ಸೈಟುಗಳು ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ಒದ್ದಾಡಿದವು. ನನಗೆ ಇಷ್ಟವಾಗುವ ವಿವರ ಬೇರೆ. ಮೊದಲ ಎರಡು ಗಂಟೆ ಅವರ ಸ್ಟೇಟಸ್ ಪುಟದ ದೀಪಗಳನ್ನು ಬದಲಿಸಲು ಆಗಲೇ ಇಲ್ಲ, ಯಾಕೆಂದರೆ ಆ ಪುಟವನ್ನು ನೋಡಿಕೊಳ್ಳುವ ವ್ಯವಸ್ಥೆ ನಿಂತಿದ್ದೂ ಎಸ್‌3 ಮೇಲೇ! ಊರಿಗೆ ಬೆಂಕಿ ಬಿದ್ದಿದೆ ಅಂತ ಗಂಟೆ ಹೊಡೆಯೋಣ ಅಂದರೆ ಗಂಟೆ ಕಟ್ಟಿದ ಮನೆಗೇ ಬೆಂಕಿ. ಇದನ್ನೂ ಅವರೇ ವರದಿಯಲ್ಲಿ ಒಪ್ಪಿಕೊಂಡರು. ಎಂಟು ವರ್ಷ ಆದ ಮೇಲೆ, 2025ರ ಜೂನ್ 12ರಂದು ಗೂಗಲ್ ಕ್ಲೌಡ್ ಬಿದ್ದಾಗಲೂ ಮೊದಲ ಸೂಚನೆ ಹಾಕಲು ಸುಮಾರು ಒಂದು ಗಂಟೆ ಹಿಡಿಯಿತು. ಕಾರಣ ಅದೇ, ಸೂಚನೆ ಹಾಕುವ ಪುಟವೂ ಜೊತೆಗೇ ಬಿದ್ದಿತ್ತು. ಬೇರೆಯವರ ಪಾಠ ಯಾರಿಗೆ ಬೇಕು?

ಹೀಗೆ ಆಮೇಲೆ ಬರುವ ವರದಿಗಳು ಸಾಮಾನ್ಯವಾಗಿ ಚೆನ್ನಾಗೇ ಇರುತ್ತವೆ. ಸುಳ್ಳು ಸೇರಿಕೊಳ್ಳುವುದು ಮೊದಲ ಗಂಟೆಯಲ್ಲಿ.

2025ರ ಅಕ್ಟೋಬರ್ 20 ನೆನಪಿದೆಯಾ? ನರಕ ಚತುರ್ದಶಿ. ಎಣ್ಣೆ ನೀರು ಹಾಕಿಕೊಂಡು ಒಬ್ಬಟ್ಟು ತಿಂದು ಮಧ್ಯಾಹ್ನ ಒರಗಿಕೊಂಡಿದ್ದೆ. 12.18ರ ಹೊತ್ತಿಗೆ ಅದೇ ಉತ್ತರ ವರ್ಜೀನಿಯಾದಲ್ಲಿ ಅಮೆಜಾನ್ ಮತ್ತೆ ಕುಸಿಯಿತು. ಅವರ ಪುಟದಲ್ಲಿ ಮೊದಲ ಸೂಚನೆ ಬಂದಿದ್ದು 23 ನಿಮಿಷದ ಮೇಲೆ. ಹಲವು ಸೇವೆಗಳಲ್ಲಿ "ಎರರ್ ಪ್ರಮಾಣ ಹೆಚ್ಚಾಗಿದೆ", ಪರಿಶೀಲಿಸುತ್ತಿದ್ದೇವೆ ಅಂತ. ಇದು ಈ ಕಸುಬಿನ ಮುದ್ದಿನ ಮಾತು. ಕೊಳೆತ ಟೊಮೆಟೊ ತಂದಿಟ್ಟು "ಮೆತ್ತಗಿರೋದು ಸ್ವಲ್ಪ ಜಾಸ್ತಿ ಇದೆ" ಅಂದ ಹಾಗೆ. ಆದರೂ ಪಾಪ, ಆ ಹೊತ್ತಿಗೆ ಅವರಿಗೂ ಅಷ್ಟೇ ಗೊತ್ತಿದ್ದಿರಬಹುದು. ಬಹುತೇಕ ಸರಿಹೋಗಲು ಹದಿನಾಲ್ಕೂವರೆ ಗಂಟೆ ಹಿಡಿಯಿತು.

ಕೆಲ ದಿನ ಬಿಟ್ಟು ಬಂದ ಅವರ ವರದಿಯನ್ನು ಮಾವನಿಗೆ ಮಂಡಿ ಭಾಷೆಯಲ್ಲಿ ಹೇಳಿದೆ. ರೇಟು ಬರೆಯುವ ಬೋರ್ಡು ಒಂದಿದೆ ಅಂದುಕೊಳ್ಳಿ. ಬರೆಯುವುದಕ್ಕೆ ಇಬ್ಬರು ಹುಡುಗರು. ಒಬ್ಬ ತೂಕಡಿಸುತ್ತಾ ಹಳೇ ಚೀಟಿ ಹಿಡಿದುಕೊಂಡೇ ನಿಂತಿದ್ದ. ಇನ್ನೊಬ್ಬ ಚುರುಕು, ಹೊಸ ರೇಟು ಬರೆದು ಮುಗಿಸಿದ. ಆಗ ತೂಕಡಿಸುತ್ತಿದ್ದವನು ಎದ್ದು ಬಂದು ಹೊಸದರ ಮೇಲೆ ಹಳೇ ರೇಟು ಬರೆದ. ಅದೇ ಹೊತ್ತಿಗೆ ಚುರುಕು ಹುಡುಗ "ಹಳೇದೆಲ್ಲ ಅಳಿಸಬೇಕು" ಅಂತ ಬಟ್ಟೆ ಹಿಡಿದು ಬಂದ. ಬೋರ್ಡು ಖಾಲಿ. ಮತ್ತೆ ಬರೆಯಲು ಇಬ್ಬರಿಗೂ ಆಗುತ್ತಿಲ್ಲ, ದೊಡ್ಡವರೇ ಬಂದು ಕೈಯಲ್ಲಿ ಬರೆಯಬೇಕಾಯಿತು. ಡೈನಮೋಡಿಬಿ ಅನ್ನುವ ಅವರ ಡೇಟಾಬೇಸ್ ಸೇವೆಯ ವಿಳಾಸಕ್ಕೆ ಆಗಿದ್ದು ಹೆಚ್ಚುಕಡಿಮೆ ಇದೇ. ವಿಳಾಸವೇ ಖಾಲಿಯಾದ ಮೇಲೆ ಅದನ್ನು ನಂಬಿದ್ದ ಉಳಿದ ಸೇವೆಗಳೂ ಒಂದರ ಹಿಂದೆ ಒಂದು ಮಲಗಿದವು.

ಮಾವ ಖುಷಿಯಿಂದ ಕೇಳಿದರು. ಆಮೇಲೆ, "ಎಷ್ಟು ಅಂಗಡಿಯವರಿಗೆ ಹೊಡೆತ ಬಿತ್ತಂತೆ?" ಅಂದರು.

ಅದು ವರದಿಯಲ್ಲಿ ಇರಲಿಲ್ಲ. ಯಂತ್ರ ಹೇಗೆ ಕೆಟ್ಟಿತು ಅನ್ನುವುದು ನಿಮಿಷ ನಿಮಿಷಕ್ಕೆ ಇದೆ. ಯಾರಿಗೆ ಎಷ್ಟು ಹೋಯಿತು ಅನ್ನುವುದು ಇಲ್ಲ. ಅಲ್ಲಿಯವರೆಗೆ ನಾನು ಇಂಥ ವರದಿಗಳನ್ನು ಇಂಜಿನಿಯರ್ ಕಣ್ಣಿನಲ್ಲೇ ಓದುತ್ತಿದ್ದೆ. ಜಾಸ್ತಿ ವಿವರ ಇದ್ದರೆ ಜಾಸ್ತಿ ಪ್ರಾಮಾಣಿಕ ಅಂತ ಅಂದುಕೊಂಡಿದ್ದೆ. ಆದರೆ ತೂಕದ ಯಂತ್ರದ ಒಳಗಿನ ಸ್ಪ್ರಿಂಗ್ ಹೇಗೆ ಸಡಿಲವಾಯಿತು ಅಂತ ಹತ್ತು ಪುಟ ಬರೆದರೂ, ನನ್ನ ಮಾಲಿನಲ್ಲಿ ಎಷ್ಟು ಕೆ.ಜಿ. ಕಡಿಮೆ ಬಂತು ಅಂತ ಹೇಳದಿದ್ದರೆ ರೈತನ ಪಾಲಿಗೆ ಅದೂ ಬಿಳಿ ಚೀಟಿಯೇ ಅಲ್ವಾ?

ಈ ಅಳತೆ ಇಟ್ಟುಕೊಂಡು ನೋಡಿದರೆ, ಆಫೀಸಿನ ತಂಡಗಳು ಕೆಲಸದ ಲೆಕ್ಕ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಮಾಡುವ ಅಟ್ಲಾಸಿಯನ್ ಕಂಪನಿಯ ಕಥೆ ಬೇರೆ ಥರ ಕಾಣುತ್ತದೆ. 2022ರ ಏಪ್ರಿಲ್ 5. ಹಳೇ ಆ್ಯಪ್ ಒಂದನ್ನು ತೆಗೆಯಲು ಸ್ಕ್ರಿಪ್ಟ್, ಅಂದರೆ ಒಂದು ಸಣ್ಣ ಪ್ರೋಗ್ರಾಂ, ಓಡಿಸಿದರು. ಅದಕ್ಕೆ ಕೊಟ್ಟ ಪಟ್ಟಿಯಲ್ಲಿ ಆ್ಯಪ್‌ನ ಗುರುತಿನ ಬದಲು ಗ್ರಾಹಕರ ಇಡೀ ಸೈಟಿನ ಗುರುತುಗಳಿದ್ದವು. 775 ಗ್ರಾಹಕರ ಸೈಟುಗಳು ಮಾಯ. ಕೆಲವರಿಗೆ ಎರಡು ವಾರ ಕೆಲಸವಿಲ್ಲ. ಇನ್ನೂ ಒಂದು ತಮಾಷೆ ಎಂದರೆ, ಸೈಟಿನ ಜೊತೆ ಆ ಗ್ರಾಹಕರನ್ನು ಸಂಪರ್ಕಿಸುವ ವಿವರಗಳೂ ಅಳಿಸಿಹೋಗಿದ್ದವು. ಗ್ರಾಹಕರು ದೂರು ಕೊಡಲು ಹೋದರೆ ಆ ವ್ಯವಸ್ಥೆ ನಿಮ್ಮ ಸೈಟು ಯಾವುದು ಅಂತ ಕೇಳುತ್ತಿತ್ತು. ಅದೇ ಇಲ್ಲವಲ್ಲ! ಕಂಪನಿಯ ಮುಖ್ಯ ತಂತ್ರಜ್ಞ ಎಲ್ಲರಿಗೂ ಕಾಣುವಂತೆ ವಿವರ ಬರೆಯಲು ಸುಮಾರು ಒಂದು ವಾರ ತೆಗೆದುಕೊಂಡರು. ಆ ವಾರಕ್ಕೆ ಕ್ಷಮೆ ಇಲ್ಲ. ಆದರೆ ಕೊನೆಗೆ ಬಂದ ಉದ್ದದ ವರದಿಯಲ್ಲಿ 775 ಅನ್ನುವ ಸಂಖ್ಯೆ ಇತ್ತು. ನಾವು ಬೇಗ ಬಾಯಿ ಬಿಡಬೇಕಿತ್ತು ಅನ್ನುವ ಮಾತೂ ಇತ್ತು. ತಡವಾಗಿ ಕೊಟ್ಟ ಬಿಲ್ಲು, ಆದರೆ ಬಿಲ್ಲು.

ಇವರು ಯಾಕೆ ಸಂಖ್ಯೆ ಅಂದರೆ ಹೆದರುತ್ತಾರೆ? ವಕೀಲರು ಇದ್ದಾರೆ, ಷೇರು ಇದೆ. ಎಲ್ಲಕ್ಕಿಂತ ಜಾಸ್ತಿ, ಒಪ್ಪಂದ ಇದೆ. ಶೇ. 99.9 ಹೊತ್ತು ನಡೆಯುತ್ತದೆ ಅಂತ ಮಾತು ಕೊಟ್ಟರೆ 30 ದಿನದ ತಿಂಗಳಿಗೆ 43 ನಿಮಿಷ ನಿಲ್ಲಬಹುದು. ಶೇ. 99.99 ಅಂದರೆ ನಾಲ್ಕು ನಿಮಿಷ ಚಿಲ್ಲರೆ. ಅದಕ್ಕಿಂತ ಜಾಸ್ತಿ ನಿಂತರೆ ಬಿಲ್ಲಿನಲ್ಲಿ ಸ್ವಲ್ಪ ಮುರಿದು ಕೊಡಬೇಕು. ಸಾಮಾನ್ಯವಾಗಿ ಕೇಳಿದವರಿಗೆ ಮಾತ್ರ, ಅದೂ ಗಡುವಿನ ಒಳಗೆ ಕೇಳಿದರೆ. ಹಾಗಿರುವಾಗ "ನಿಂತಿತ್ತು" ಅನ್ನುವ ಪದಕ್ಕೂ "ನಿಧಾನವಾಗಿತ್ತು" ಅನ್ನುವ ಪದಕ್ಕೂ ನಡುವೆ ದುಡ್ಡು ಕೂತಿದೆ. ಮುರಿದು ಕೊಡುವುದಾದರೂ ಅವರ ಬಾಡಿಗೆಯಲ್ಲಿ. ಮಾವನ ಮಂಡಿಯಲ್ಲಿ ಲೆಕ್ಕ ತಪ್ಪಿದ ಆ ರೈತರ 42 ಬಾಕ್ಸು ಯಾವ ಒಪ್ಪಂದದಲ್ಲೂ ಬರುವುದಿಲ್ಲ.

ಬ್ಯಾಂಕುಗಳಿಗಾದರೆ ಮೇಲೆ ಒಬ್ಬರು ಯಜಮಾನರಿದ್ದಾರೆ. 2020ರ ನವೆಂಬರ್‌ನಲ್ಲಿ ಡೇಟಾ ಸೆಂಟರಿಗೆ ಕರೆಂಟು ಹೋಗಿ ಎಚ್‌ಡಿಎಫ್‌ಸಿ ಬ್ಯಾಂಕಿನ ಸೇವೆ ನಿಂತಾಗ, ಅದಕ್ಕೆ ಮುಂಚೆಯೂ ಹಾಗೆ ಆಗಿದ್ದರಿಂದ, ರಿಸರ್ವ್ ಬ್ಯಾಂಕ್ ಡಿಸೆಂಬರ್‌ನಲ್ಲಿ ಹೊಸ ಕ್ರೆಡಿಟ್ ಕಾರ್ಡ್ ಕೊಡುವುದನ್ನೇ ಸದ್ಯಕ್ಕೆ ನಿಲ್ಲಿಸಿ ಅಂದಿತ್ತು. ಬಿಲ್ ಸಾಫ್ಟ್‌ವೇರ್ ಕಂಪನಿಯನ್ನು ಹಾಗೆ ಗದರಿಸುವವರು ಯಾರೂ ಇಲ್ಲ.

ಇಷ್ಟೆಲ್ಲ ಬೈದ ಮೇಲೆ ಮೆಚ್ಚಿದ್ದನ್ನೂ ಹೇಳಬೇಕು. 2025ರ ನವೆಂಬರ್ 18ರ ಸಂಜೆ, ಎಷ್ಟೋ ವೆಬ್‌ಸೈಟುಗಳ ಟ್ರಾಫಿಕ್ಕು ಹಾದುಹೋಗುವ ಕ್ಲೌಡ್‌ಫ್ಲೇರ್ ಕಂಪನಿಯ ಸೇವೆ ಬಿತ್ತು. ಡೇಟಾಬೇಸಿನ ಅನುಮತಿಯಲ್ಲಿ ಒಂದು ಬದಲಾವಣೆ ಮಾಡಿದ್ದರು. ಅದರಿಂದ ಬಾಟ್‌ಗಳನ್ನು (ಮನುಷ್ಯರ ಬದಲು ತಾವಾಗಿ ಸೈಟಿಗೆ ಬರುವ ಪ್ರೋಗ್ರಾಂಗಳನ್ನು) ಗುರುತಿಸುವ ಫೈಲಿನಲ್ಲಿ ಅವೇ ಸಾಲುಗಳು ಮತ್ತೆ ಮತ್ತೆ ಸೇರಿ ಗಾತ್ರ ದುಪ್ಪಟ್ಟಾಯಿತು. ಅದನ್ನು ಓದುವ ಪ್ರೋಗ್ರಾಂ ತಡೆಯಲಾರದೆ ಕುಸಿಯಿತು. ಕೆಲವೇ ಗಂಟೆಗಳಲ್ಲಿ ಕಂಪನಿಯ ಮುಖ್ಯಸ್ಥ ಮ್ಯಾಥ್ಯೂ ಪ್ರಿನ್ಸ್ ಹೆಸರಿನಲ್ಲೇ ವರದಿ ಬಂತು, ತಪ್ಪಿದ ಕೋಡ್ ಸಮೇತ. ಅದರಲ್ಲಿ ನನಗೆ ಹಿಡಿಸಿದ್ದು ಕೋಡ್ ಅಲ್ಲ. ಮೊದಲು ಇದು ಯಾರದೋ ದಾಳಿ ಅಂತ ನಾವು ತಪ್ಪು ತಿಳಿದಿದ್ದೆವು ಅಂತ ಬರೆದಿದ್ದರು. ಬೇರೆ ಕಡೆ ಇಟ್ಟಿದ್ದ ತಮ್ಮ ಸ್ಟೇಟಸ್ ಪುಟವೂ ಕಾಕತಾಳೀಯವಾಗಿ ಅದೇ ಹೊತ್ತಿಗೆ ಬಿದ್ದಿದ್ದರಿಂದ ಆ ಅನುಮಾನ ಗಟ್ಟಿಯಾಯಿತು ಅಂತಲೂ ಬರೆದಿದ್ದರು. ಯಂತ್ರ ತಪ್ಪಿತು ಅನ್ನುವುದು ಸುಲಭ. ನಾವು ಗಾಬರಿಯಲ್ಲಿ ಬೇರೆ ಕಡೆ ಹುಡುಕುತ್ತಿದ್ದೆವು ಅನ್ನಲು ಎದೆ ಬೇಕು.

ಡಿಸೆಂಬರ್ 5ಕ್ಕೆ ಮತ್ತೆ ಬಿದ್ದರು. ಸುಮಾರು 25 ನಿಮಿಷ. ಈ ಸಲವೂ ಅವತ್ತೇ ವರದಿ, ತಮ್ಮ ಮೂಲಕ ಹೋಗುವ ಟ್ರಾಫಿಕ್ಕಿನಲ್ಲಿ ಸುಮಾರು ಶೇ. 28ಕ್ಕೆ ತೊಂದರೆಯಾಯಿತು ಅನ್ನುವ ಲೆಕ್ಕ ಸಮೇತ. ಮಾವನಿಗೆ ಹೇಳಿದರೆ ನಕ್ಕರು. "ಒಪ್ಕೊಳ್ಳೋದು ಚೆನ್ನಾಗಿ ಕಲ್ತವ್ರೆ ಬಿಡು." ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಪ್ಪಿಕೊಂಡ ಮಾತ್ರಕ್ಕೆ ಮುಂದಿನ ಸಲ ಬೀಳುವುದಿಲ್ಲ ಅಂತ ಏನಿಲ್ಲ. ಆದರೆ ಲೆಕ್ಕ ಕೊಟ್ಟವರು ಎಷ್ಟು ಸಲ ಬಿದ್ದರು ಅಂತ ನಾವು ಎಣಿಸಬಹುದು. "ಕೆಲವರಿಗೆ ವಿಳಂಬ" ಅಂದವರದು ಎಣಿಕೆಗೇ ಸಿಗುವುದಿಲ್ಲ.

ಹೋದ ತಿಂಗಳು ನನ್ನ ಸರದಿ ಬಂತು. ಈಗ ನಾನಿರುವುದು ಸಣ್ಣ ಕಂಪನಿ, ಅಂಗಡಿಗಳಿಗೇ ಸಾಫ್ಟ್‌ವೇರ್ ಮಾಡುತ್ತೇವೆ. ಬೆಳಗ್ಗೆ ನಾನೇ ಬದಲಿಸಿದ ಒಂದು ಸೆಟ್ಟಿಂಗ್‌ನಿಂದ ಎಲ್ಲಾ ನಿಂತುಹೋಯಿತು. ಸರಿಮಾಡಿ, ಬೆವರು ಒರೆಸಿಕೊಂಡು, ಗ್ರಾಹಕರಿಗೆ ಮೆಸೇಜು ಬರೆಯಲು ಕೂತೆ. ಬೆರಳುಗಳು ತಾವಾಗಿಯೇ "ಕೆಲವು ಗ್ರಾಹಕರಿಗೆ" ಅಂತ ಟೈಪು ಮಾಡಿದವು. ಆಣೆಗೂ ನಿಜ. ಅಳಿಸಿದೆ. ಮತ್ತೆ ಬರೆದೆ.

"ಇಂದು ಬೆಳಗ್ಗೆ 10.05ರಿಂದ 10.57ರವರೆಗೆ ನಮ್ಮ ಸೇವೆ ಎಲ್ಲರಿಗೂ ನಿಂತಿತ್ತು. 9.59ರಿಂದ 10.05ರ ನಡುವೆ ನೀವು ಹಾಕಿದ ಬಿಲ್ಲುಗಳು ಉಳಿದಿಲ್ಲ. ದಯವಿಟ್ಟು ಅವನ್ನು ಮತ್ತೆ ಹಾಕಿ. ತಪ್ಪು ನಮ್ಮದು."

ಮ್ಯಾನೇಜರ್ ಅರ್ಧ ಗಂಟೆ ಯೋಚಿಸಿದರು. ಬಿಲ್ಲು ಹೋಗಿರುವುದನ್ನು ಹೇಳಲೇಬೇಕಾ ಅಂತ ಎರಡು ಸಲ ಕೇಳಿದರು. ಕೊನೆಗೆ "ತಪ್ಪು ನಮ್ಮದು" ಅನ್ನುವುದನ್ನು ತೆಗೆದುಹಾಕಿ ಉಳಿದಿದ್ದನ್ನು ಬಿಟ್ಟರು. ಮೆಸೇಜು ಹೋಯಿತು. ಒಬ್ಬರು ಫೋನ್ ಮಾಡಿ ಕಾಲು ಗಂಟೆ ಬೈದರು, ಬೇರೆ ಕಂಪನಿ ನೋಡಿಕೊಳ್ಳುತ್ತೇನೆ ಅಂದರು. ನೋಡಿಕೊಂಡರು ಕೂಡ.

ಮಧ್ಯಾಹ್ನ ಬಂಗಾರಪೇಟೆಯ ಮೆಡಿಕಲ್ ಸ್ಟೋರಿನವರ ಫೋನು. ನಾನು ಬೈಸಿಕೊಳ್ಳಲು ರೆಡಿಯಾಗಿ ಕೂತೆ.

"ಸಾರ್, 9.59ರಿಂದ ಅಂದ್ರಲ್ಲ?"

"ಹೌದು ಸಾರ್, 10.05ರವರೆಗೆ."

ಪುಟ ತಿರುವಿದ ಸದ್ದು ಕೇಳಿಸಿತು. "ಹಾಗಾದ್ರೆ ನಂದು ಎರಡೇ ಬಿಲ್ಲು. ಹಾಕ್ತೀನಿ ಬಿಡಿ," ಅಂತ ಹೇಳಿ ಫೋನ್ ಇಟ್ಟರು.